ನಂದಿ ಬೆಟ್ಟದ ವೈನ್: ಎತ್ತರ, ದ್ರಾಕ್ಷಿ ಮತ್ತು ಒಂದಿಷ್ಟು ಕೆಮಿಸ್ಟ್ರಿ

ವೈನ್ ಅಂದಕೂಡಲೇ ನಮ್ಮ ಬೇಮಳಖೇಡ, ಹುಮನಾಬಾದ್ ಕಡೆ ಎರಡು ಮಾತು ಕೇಳಿ ಬರ್ತಾವ. ಒಂದು, "ಹೆಸರು ಏನರೆ ಇರಲಿ, ಅದೂ ದಾರೂನೇ ಅಲ್ಲೇನ್ರಿ?" ಎರಡು, "ಅದು ಫ್ರಾನ್ಸಿನವರ ಶೋಕಿ, ನಮಗೂ ಅದಕ್ಕೂ ಏನು ಸಂಬಂಧ?" ಮೊದಲನೇ ಮಾತು ಖರೇನೇ. ವೈನಿನಲ್ಲಿರುವ ಆಲ್ಕೋಹಾಲ್ ಬೇರೆ ಜಾತಿಯದ್ದಲ್ಲ. ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಈ ಲೇಖನ ಕುಡಿಯಲು ಕೊಟ್ಟ ಆಮಂತ್ರಣವಲ್ಲ. ಎರಡನೇ ಮಾತನ್ನು ಮಾತ್ರ ನಾವು ಒಪ್ಪೋದಿಲ್ಲ.

ಯಾಕಂದ್ರೆ ಸಂಬಂಧ ಹಳೇದು. ನಮ್ಮ ಪಕ್ಕದ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜನ ವಿನೋದಗಳ ಪಟ್ಟಿಯಲ್ಲಿ ಮದಿರಾಪಾನವೂ ಇದೆ. ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯ ಶರಣನಾಗಿ ವಚನ ಬರೆದ. ಒಂದೇ ಊರು, ಎರಡು ನೋಟ. ನಮಗೆ ಎರಡೂ ಪರಿಚಯವೇ.

ಇವತ್ತಿನ ಕರ್ನಾಟಕದಲ್ಲಿ ವೈನ್ ಅಂದ್ರೆ ಮೊದಲು ಬರೋ ಹೆಸರು ನಂದಿ ಬೆಟ್ಟ. ಇಲ್ಲಿಂದ ಸುಮಾರು 600 ಕಿ.ಮೀ. ದೂರ. ಆ ಬೆಟ್ಟದ ತಪ್ಪಲಲ್ಲೇ ಯಾಕೆ? ಬಾಟಲಿಯೊಳಗೆ ಏನಾಗಿರ್ತದೆ? ಅದರಿಂದ ರೈತನಿಗೆ ಏನು ಸಿಗ್ತದೆ? ಒಂದೊಂದೇ ನೋಡೋಣ ಬರ್ರಿ.

ಬೆಟ್ಟ ಯಾಕೆ ಬೇಕು?

ಜಗತ್ತಿನ ಹೆಸರಾಂತ ವೈನ್ ನಾಡುಗಳೆಲ್ಲ ಹೆಚ್ಚಾಗಿ 30ರಿಂದ 50 ಡಿಗ್ರಿ ಅಕ್ಷಾಂಶದ ನಡುವೆ ಇವೆ. ನಂದಿ ಇರೋದು 13 ಡಿಗ್ರಿಯಲ್ಲಿ. ಲೆಕ್ಕದ ಪ್ರಕಾರ ಅಲ್ಲಿ ಒಳ್ಳೆ ವೈನ್ ದ್ರಾಕ್ಷಿ ಬೆಳೆಯೋದೇ ಕಷ್ಟ. ಆದರೆ ಅಕ್ಷಾಂಶ ಕೊಡದೇ ಇದ್ದದ್ದನ್ನ ಎತ್ತರ ಕೊಡ್ತದೆ.

ಮೇಲೆ ಹೋದಂತೆ ಪ್ರತಿ 1000 ಮೀಟರಿಗೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳೀತದೆ. ನಂದಿ ಬೆಟ್ಟದ ತುದಿ 1478 ಮೀಟರ್. ಅದರ ಬುಡದ ದೊಡ್ಡಬಳ್ಳಾಪುರದ ಸುತ್ತಲಿನ ತೋಟಗಳು ಸುಮಾರು 900 ಮೀಟರಿನಲ್ಲಿವೆ. ಅಂದರೆ ಸಮುದ್ರಮಟ್ಟಕ್ಕಿಂತ ಹತ್ತಿರ ಹತ್ತಿರ 6 ಡಿಗ್ರಿ ತಂಪು. ಹಗಲು ಬಿಸಿಲು ಜೋರು, ರಾತ್ರಿ ತಂಪು.

ರಾತ್ರಿ ತಂಪಾದರೆ ಏನು ಲಾಭ? ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲ ಇರ್ತಾವ: ಟಾರ್ಟಾರಿಕ್ ಮತ್ತು ಮ್ಯಾಲಿಕ್. ಹಣ್ಣು ಉಸಿರಾಡುವಾಗ ಮ್ಯಾಲಿಕ್ ಆಮ್ಲವನ್ನು ಸುಡ್ತದೆ. ಸೆಕೆ ಹೆಚ್ಚಾದಷ್ಟೂ ಬೇಗ ಸುಡ್ತದೆ. ಹಗಲೂ ರಾತ್ರಿ ಬಿಸಿ ಇದ್ದರೆ ಸಕ್ಕರೆ ಏರ್ತದೆ, ಹುಳಿ ಸೋರಿ ಹೋಗ್ತದೆ. ಅಂಥ ಹಣ್ಣಿನ ವೈನ್ ಸಪ್ಪೆ, ಭಾರ. ಉಪ್ಪು ಕಮ್ಮಿ ಆದ ಸಾರಿನ ಹಾಗೆ. ತಂಪು ರಾತ್ರಿ ಆ ಹುಳಿಯನ್ನು ಕಾಪಾಡ್ತದೆ. ಬೆಟ್ಟದ ಗುಟ್ಟು ಇಷ್ಟೇ.

ಎರಡು ದ್ರಾಕ್ಷಿ, ಎರಡು ದಾರಿ

ನಂದಿ ಸೀಮೆಯಲ್ಲಿ ಎರಡು ಬೇರೆ ಬೇರೆ ಕುಲದ ದ್ರಾಕ್ಷಿ ಅವ.

ಮೊದಲನೇದು ಬೆಂಗಳೂರು ನೀಲಿ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಕೋಲಾರದ ರೈತರು ತಲೆಮಾರುಗಳಿಂದ ಬೆಳೆದದ್ದು. 2013ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಇದು ಅಮೆರಿಕ ಮೂಲದ ಲಾಬ್ರಸ್ಕಾ ಕುಲದ್ದು. ದಪ್ಪ ಸಿಪ್ಪೆ, ಬೀಜ, ಮೂಗಿಗೆ ಹೊಡೆಯೋ ಘಮ. ಅಂಗಡಿಯ ಗ್ರೇಪ್ ಜ್ಯೂಸ್, ಗ್ರೇಪ್ ಕ್ಯಾಂಡಿ ವಾಸನೆ ನೆನಪಿಸಿಕೊಳ್ರಿ, ಅದೇ ಜಾತಿಯ ಘಮ. ಅದರ ಹಿಂದಿರೋ ರಾಸಾಯನಿಕದ ಹೆಸರು ಮೀಥೈಲ್ ಆಂಥ್ರನಿಲೇಟ್. ಜ್ಯೂಸಿಗೆ, ಸಿಹಿ ಪೋರ್ಟ್ ವೈನಿಗೆ ಇದು ಹೋಗ್ತದೆ.

ಎರಡನೇದು ಯುರೋಪಿನ ವಿನಿಫೆರಾ ಕುಲ: ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್, ಸೊವಿನ್ಯೋನ್ ಬ್ಲಾಂಕ್ ಮುಂತಾದವು. ಕನ್ವಲ್ ಗ್ರೋವರ್ ಅನ್ನೋರು 1980ರ ದಶಕದಲ್ಲಿ ಫ್ರೆಂಚ್ ಪರಿಣತರನ್ನು ಕರೆಸಿ, ಜಾಗ ಹುಡುಕಿ, ಕೊನೆಗೆ ನಂದಿ ತಪ್ಪಲಲ್ಲಿ ಇವನ್ನು ನೆಟ್ಟರು. ಮುಂದೆ ಹಂಪಿ ಸೀಮೆಯ ಬೆಟ್ಟಗಳ ಕಡೆಗೂ ವೈನ್ ತೋಟ ಬಂದವು.

ವೈನ್ ದ್ರಾಕ್ಷಿ ತಿನ್ನೋಕೆ ಚಂದ ಇರಲ್ಲ. ಸಣ್ಣ ಕಾಳು, ಒಳಗೆ ಬೀಜ. ಆದರೆ ಸಣ್ಣ ಕಾಳೇ ಅದರ ಬಂಡವಾಳ. ಗೋಳದ ಮೇಲ್ಮೈಯನ್ನು ಘನಗಾತ್ರದಿಂದ ಭಾಗಿಸಿದರೆ 3/r ಬರ್ತದೆ, ಗೊತ್ತಲ್ಲ? ತ್ರಿಜ್ಯ ಅರ್ಧ ಆದರೆ ರಸಕ್ಕೆ ಸಿಗುವ ಸಿಪ್ಪೆಯ ಪಾಲು ಎರಡು ಪಟ್ಟು. ಬಣ್ಣ, ಒಗರು, ಘಮದ ಬಹುಪಾಲು ಇರೋದು ಸಿಪ್ಪೆಯಲ್ಲೇ.

ಬಳ್ಳಿಗೆ ಋತು ಕಲಿಸೋ ಕತ್ತರಿ

ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೆ ಇಲ್ಲಿನ ರೈತರು ವರ್ಷಕ್ಕೆ ಎರಡು ಸಲ ಚಾಟನಿ ಮಾಡ್ತಾರ. ಬೇಸಿಗೆಯ ಚಾಟನಿಯಿಂದ ಹೊಸ ಕಡ್ಡಿ ಬೆಳೀತದೆ. ಮಳೆ ಹಿಂದಾಗೋ ಹೊತ್ತಿಗೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮಾಡೋ ಚಾಟನಿಯಿಂದ ಹೂ, ಗೊಂಚಲು ಬರ್ತದೆ. ಕೊಯ್ಲು ಬೇಸಿಗೆಯ ಮೊದಲ ಭಾಗಕ್ಕೆ ಬೀಳ್ತದೆ. ಯುರೋಪಿನವರು ಮಳೆಗೆ ಹೆದರಿಕೊಂಡು ಸೆಪ್ಟೆಂಬರಿನಲ್ಲಿ ಕೊಯ್ತಾರ, ನಮ್ಮವರು ಒಣ ಹವೆಯಲ್ಲಿ ಕೊಯ್ತಾರ. ಕ್ಯಾಲೆಂಡರನ್ನು ಕತ್ತರಿ ಬರೀತದೆ ಅಂದರೂ ಸರಿ.

ಸಕ್ಕರೆಯ ಲೆಕ್ಕ

ಕೊಯ್ಲಿಗೆ ಮೊದಲು ತೋಟದಲ್ಲಿ ರಿಫ್ರ್ಯಾಕ್ಟೋಮೀಟರ್ ಹಿಡಿದು ಬ್ರಿಕ್ಸ್ ನೋಡ್ತಾರ. ನಮ್ಮ ಕಡೆ ಸಕ್ಕರೆ ಕಾರ್ಖಾನೆಯವರು ಕಬ್ಬಿಗೆ ನೋಡೋದೂ ಇದೇ ಅಳತೆ: ನೂರು ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಸಕ್ಕರೆ ಅಂತ. ಈಸ್ಟ್ ಒಂದು ಗ್ಲೂಕೋಸ್ ಅಣುವನ್ನು ಎರಡು ಎಥೆನಾಲ್, ಎರಡು ಕಾರ್ಬನ್ ಡೈಆಕ್ಸೈಡ್ ಆಗಿ ಒಡೀತದೆ. ಅಂದಾಜು ಲೆಕ್ಕಕ್ಕೆ ಬ್ರಿಕ್ಸನ್ನು 0.55ರಿಂದ ಗುಣಿಸಿದರೆ ಆಲ್ಕೋಹಾಲಿನ ಶೇಕಡಾ ಪ್ರಮಾಣ ಬರ್ತದೆ. 23 ಬ್ರಿಕ್ಸ್ ಇದ್ದರೆ ಸುಮಾರು 12.6. ಸಕ್ಕರೆ ಪೂರ್ತಿ ಮುಗಿದರೆ ಅದು 'ಡ್ರೈ', ನಡುವೆ ನಿಲ್ಲಿಸಿದರೆ ಸಿಹಿ ಉಳೀತದೆ.

ಹುದುಗುವಾಗ ಶಾಖ ಹುಟ್ತದೆ. ಟ್ಯಾಂಕ್ ತಂಪು ಮಾಡದಿದ್ದರೆ ಘಮ ಹಾರಿ ಹೋಗ್ತದೆ, ತೀರಾ ಕಾದರೆ ಈಸ್ಟೇ ಸಾಯ್ತದೆ. ಹಾಗಾಗಿ ಉಷ್ಣ ಪ್ರದೇಶದ ವೈನ್ ಅಂದ್ರೆ ಅರ್ಧ ಕೃಷಿ, ಅರ್ಧ ರೆಫ್ರಿಜರೇಶನ್. ಮೆಕ್ಯಾನಿಕಲ್ ಬ್ರಾಂಚಿನವರು ಗಮನಿಸಿ!

ಇನ್ನು ಬಣ್ಣ. ಹೆಚ್ಚಿನ ಕಪ್ಪು ದ್ರಾಕ್ಷಿಯ ರಸಕ್ಕೂ ಬಣ್ಣ ಇರಲ್ಲ. ಸಿಪ್ಪೆ ಜೊತೆ ಹುದುಗಿಸಿದರೆ ಕೆಂಪು ವೈನ್, ಕೆಲವೇ ತಾಸು ಇಟ್ಟು ತೆಗೆದರೆ ರೋಸೆ. ಬಿಳಿ ದ್ರಾಕ್ಷಿಯನ್ನು ಸಿಪ್ಪೆ ತೆಗೆದು ಹುದುಗಿಸಿದರೆ ಬಿಳಿ ವೈನ್. ಬಿಳಿ ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹುದುಗಿಸಿದರೆ? ಜೇನಿನ ಬಣ್ಣದ ವೈನ್. ಅದನ್ನು ಕೇಳಬೇಕಂದ್ರೆ ಕಾಕಸಸ್ ಬೆಟ್ಟಗಳಿಗೆ ಹೋಗಬೇಕು.

ಜಾರ್ಜಿಯಾ ಹೇಳಿದ ಪಾಠ

ಜಾರ್ಜಿಯಾ ಒಂದು ಪುಟ್ಟ ಬೆಟ್ಟದ ದೇಶ. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ. ಅಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ಸುಮಾರು 8000 ವರ್ಷ ಹಿಂದಿನ ದ್ರಾಕ್ಷಿ ವೈನಿನ ಕುರುಹು ಇದೆ ಅಂತ 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. 'ಕ್ವೆವ್ರಿ' ಅನ್ನೋ ಮೊಟ್ಟೆಯಾಕಾರದ ದೊಡ್ಡ ಮಣ್ಣಿನ ಹರವಿಯನ್ನು ನೆಲದಲ್ಲಿ ಕುತ್ತಿಗೆ ತನಕ ಹೂತು, ಅದರೊಳಗೆ ಅವರು ವೈನ್ ಮಾಡ್ತಾರ. ನೆಲವೇ ಅದಕ್ಕೆ ಕೂಲರ್. ಹಗೇವಿನಲ್ಲಿ ಜೋಳ ಇಟ್ಟ ನಮ್ಮ ಹಿರಿಯರಿಗೆ ಈ ಬುದ್ಧಿ ಹೊಸದಲ್ಲ. 2013ರಲ್ಲಿ ಯುನೆಸ್ಕೋ ಈ ವಿಧಾನವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ನಮಗೆ ಮುಖ್ಯ ಅನಿಸಿದ ಪಾಠ ಇದಲ್ಲ. ಆ ದೇಶದ ವೈನಿನ ಬಹುಪಾಲು ರಷ್ಯಾಕ್ಕೇ ಹೋಗ್ತಿತ್ತು. 2006ರಲ್ಲಿ ರಷ್ಯಾ ಬಾಗಿಲು ಹಾಕಿತು. ಒಂದೇ ಏಟಿಗೆ ಮಾರುಕಟ್ಟೆ ಹೋಯ್ತು. 2013ರ ತನಕ ಆ ನಿಷೇಧ ಇತ್ತು. ಆ ನಡುವೆ ಅವರು ಬೇರೆ ದೇಶಗಳನ್ನು ಹುಡುಕಿದರು, ಗುಣಮಟ್ಟ ಏರಿಸಿದರು, ಸಪೆರಾವಿ, ರ್ಕತ್ಸಿತೆಲಿಯಂಥ ತಮ್ಮದೇ ತಳಿಗಳ ಹೆಸರು ಹೇಳಿ ಮಾರಿದರು.

ನಮ್ಮ ರೈತನ ಕಥೆಯೂ ಇಲ್ಲೇ ಬರ್ತದೆ. 2020ರ ಲಾಕ್‌ಡೌನ್ ಬಂದಾಗ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹಣ್ಣು ಕೊಯ್ಲಿಗೆ ನಿಂತಿತ್ತು, ಮಾರುಕಟ್ಟೆ ನಿಂತುಹೋಗಿತ್ತು. ಹಸಿ ದ್ರಾಕ್ಷಿ ಕಾಯಲ್ಲ. ವಿಜಯಪುರದ ರೈತರಿಗೆ ಒಣಗಿಸಿ ಮಣುಕ ಮಾಡೋ ದಾರಿಯಾದರೂ ಇದೆ. ಬೀಜದ ಬೆಂಗಳೂರು ನೀಲಿಗೆ ಅದೂ ಕಷ್ಟ. ರಸ ತೆಗೆಯೋ, ವೈನ್ ಮಾಡೋ ಘಟಕ ಹತ್ತಿರ ಇದ್ದರೆ ರೈತನಿಗೆ ಇನ್ನೊಂದು ಬಾಗಿಲು. ರಾಜ್ಯದ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ಹಿಂದಿನ ಆಸೆಯೂ ಇದೇ. ಆದರೆ ಆ ಬಾಗಿಲೂ ಒಂದೇ ಆದರೆ, ಕೊಳ್ಳುವವನು ಒಬ್ಬನೇ ಆದರೆ, ಬೆಲೆ ಹೇಳೋನೂ ಅವನೇ.

ಇನ್ನೊಂದು ಸಿಕ್ಕು ಇದೆ. ಒಳ್ಳೆ ವೈನಿಗೆ ಬಳ್ಳಿಯಲ್ಲಿ ಗೊಂಚಲು ಕಡಿಮೆ ಬಿಡಬೇಕು. ರೈತನಿಗೆ ದುಡ್ಡು ಬರೋದು ಕಿಲೋ ಲೆಕ್ಕದಲ್ಲಿ. ತೂಕಕ್ಕೆ ಬೆಲೆ ಕೊಟ್ಟು ಗುಣ ಕೇಳಿದರೆ ಯಾವ ರೈತ ಗೊಂಚಲು ಕತ್ತರಿಸ್ತಾನ? ಬ್ರಿಕ್ಸ್, ಆಮ್ಲ ನೋಡಿ ಬೆಲೆ ಕಟ್ಟಿದರೆ ಮಾತ್ರ ಈ ಲೆಕ್ಕ ಕೂಡ್ತದೆ.

ಹಾಗಾದ್ರೆ ನಮ್ಮ ನೆಲದಾಗ?

ಈ ಪ್ರಶ್ನೆ ಬಂದೇ ಬರ್ತದೆ. ಬೀದರ್ ಸೀಮೆಯ ಪ್ರಸ್ಥಭೂಮಿ ಸುಮಾರು 600 ಮೀಟರಿಗೂ ಎತ್ತರ. ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲಲ್ಲ, ಅದು ಬಳ್ಳಿಗೆ ಒಳ್ಳೇದು. ಬಸವಕಲ್ಯಾಣದ ಕಡೆಯ ಎರೆ ನೆಲ ನೀರು ಹಿಡಿದುಕೊಳ್ತದೆ, ಅಲ್ಲಿ ಬೇರು ಕೊಳೆಯೋ ಭಯ. ಆದರೆ ನಂದಿಗಿಂತ ನಾವು ಸುಮಾರು 300 ಮೀಟರ್ ಕೆಳಗೆ, ಅಂದರೆ ಎತ್ತರದ ಲೆಕ್ಕದಲ್ಲೇ 2 ಡಿಗ್ರಿ ಸೆಕೆ ಹೆಚ್ಚು. ಹಣ್ಣು ಮಾಗೋ ಹೊತ್ತಿಗೇ ಆಲಿಕಲ್ಲು ಬೀಳೋ ವರ್ಷಗಳೂ ಉಂಟು. ಬಳ್ಳಿ ನೆಟ್ಟು, ಕಂಬ, ತಂತಿ, ಡ್ರಿಪ್ ಎಲ್ಲ ಹಾಕಿ ಫಸಲಿಗೆ ಎರಡು ಮೂರು ವರ್ಷ ಕಾಯಬೇಕು. ತೊಗರಿಯ ಹಾಗೆ ಈ ವರ್ಷ ಬಿತ್ತಿ, ಮುಂದಿನ ವರ್ಷ ಬೇರೆ ಬೆಳೆಗೆ ಹೋಗೋ ಆಟ ಇದಲ್ಲ.

ಅದಕ್ಕೆ ನಾವು ಹೇಳೋದು ಇಷ್ಟು. ಮೊದಲು ಕೊಳ್ಳುವವರು ಇಬ್ಬರಾದರೂ ಇದ್ದಾರೆಯೇ ನೋಡಿ, ಆಮೇಲೆ ನೆಲ ನೋಡಿ, ಕೊನೆಗೆ ತಳಿ ನೋಡಿ. ಹೆಚ್ಚಿನವರು ಈ ಮೂರನ್ನೂ ತಿರುಗಾಮುರುಗಾ ಮಾಡ್ತಾರ.

ಮುಂದೆ ಯಾವತ್ತಾದರೂ ನಂದಿ ಬೆಟ್ಟಕ್ಕೆ ಟ್ರಿಪ್ ಹೋದರೆ, ಸೂರ್ಯೋದಯದ ಫೋಟೋ ತೆಗೆದುಕೊಂಡ ಮೇಲೆ ಒಂದು ಕ್ಷಣ ಕೆಳಗಿನ ತೋಟಗಳನ್ನೂ ನೋಡ್ರಿ. ಅಲ್ಲಿ ಯಾವ ಸಾಲು ಯಾವ ಕುಲದ್ದು, ಯಾಕೆ ಅಲ್ಲಿದೆ, ಅದನ್ನು ಯಾರು ಕೊಳ್ತಾರ ಅಂತ ಕೇಳ್ರಿ. ಮೂರನೇ ಪ್ರಶ್ನೆಗೆ ಸಿಗೋ ಉತ್ತರವನ್ನು ನಮ್ಮ ಬಳಗಕ್ಕೆ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.