ಸೆರೆಸಿಕ್ಕ ಆನೆಯ ಮುಂದಿನ ಬಾಳು

ನಮ್ಮ ಬಾಲ್ಯದಲ್ಲಿ ಹೊನ್ನಾಳಿಯ ಪೇಟೆಬೀದಿಗೆ ಆನೆ ಬಂದಿತೆಂದರೆ ಆ ಹೊತ್ತಿನ ಮನೆಗೆಲಸವೆಲ್ಲವೂ ಅರ್ಧಕ್ಕೆ ನಿಲ್ಲುತ್ತಿದ್ದಿತು. ದೂರದಿಂದ ಗಂಟೆಯ ಸದ್ದು ಕೇಳಿದೊಡನೆ ಹೆಂಗಸರು ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬರುವರು. ಮುದುಕಿಯರು ಮೊರದಲ್ಲಿ ಅಕ್ಕಿ, ಬೆಲ್ಲದಚ್ಚು, ಬಾಳೆಯ ಹಣ್ಣುಗಳನ್ನಿಟ್ಟುಕೊಂಡು ಜಗಲಿಯ ಮೇಲೆ ಕಾದು ಕುಳಿತಿರುವರು. ಮಾವುತನು ಒಂದು ಮಾತು ಗದರಿಸಿದರೆ ಸಾಕು, ಬೆಟ್ಟದಂತಹ ಆ ಪ್ರಾಣಿಯು ಸೊಂಡಿಲನ್ನೆತ್ತಿ ಮಕ್ಕಳ ನೆತ್ತಿಯ ಮೇಲೆ ಮೆಲ್ಲಗೆ ಇರಿಸಿ, ಕೊಟ್ಟ ಕಾಸನ್ನು ಮಾವುತನ ಕೈಗೆ ಮುಟ್ಟಿಸುವುದು. ಆನೆಯ ಬಾಲದ ಕೂದಲಿನ ಉಂಗುರವನ್ನಿಟ್ಟರೆ ಮಕ್ಕಳು ರಾತ್ರಿ ಬೆಚ್ಚುವುದು ನಿಲ್ಲುವುದೆಂದು ಕೆಲವರು ಅದಕ್ಕೂ ಕೈಯೊಡ್ಡುತ್ತಿದ್ದರು. "ಅಜ್ಜಿ, ಇದರ ಅಮ್ಮ ಎಲ್ಲಿದೆ?" ಎಂದು ನಾವು ಒಮ್ಮೆ ಕೇಳಿದುದು ನೆನಪಿದೆ. "ಗಣಪತಿಗೆ ಎಲ್ಲಿದ್ದರೂ ತೌರೇ ಕಣಪ್ಪ" ಎಂದು ಅಜ್ಜಿ ಮಾತು ತೇಲಿಸಿದಳು.

ಆ ಪ್ರಶ್ನೆಯು ಬಹುಕಾಲ ಮರೆತೇ ಹೋಗಿದ್ದಿತು. ಅದನ್ನು ಮರಳಿ ನೆನಪಿಗೆ ತಂದುದು ೨೦೨೩ರ ಏಪ್ರಿಲ್ ತಿಂಗಳು. ಆಗ ಚನ್ನಗಿರಿ ತಾಲ್ಲೂಕಿನಲ್ಲಿ ಕಾಡಾನೆಯೊಂದು ಊರ ಬದಿಗೆ ಬಂದು, ಹರೆಯದ ಹುಡುಗಿಯೊಬ್ಬಳನ್ನು ಕೊಂದಿತು. ಅರಣ್ಯ ಇಲಾಖೆಯವರು ಶಿವಮೊಗ್ಗದ ಬಳಿಯ ಸಕ್ರೆಬೈಲಿನ ಸಾಕಾನೆಗಳನ್ನು ತರಿಸಿ ಅದನ್ನು ಬೆನ್ನಟ್ಟಿದರು. ನ್ಯಾಮತಿಯ ಕಡೆಯ ಜೀನಹಳ್ಳಿಯ ಬಳಿ ಅರಿವಳಿಕೆಯ ಮದ್ದನ್ನು ಹಾರಿಸಲು ಹೋದ ಶಿಬಿರದ ಪಶುವೈದ್ಯರ ಮೇಲೆಯೇ ಆನೆಯು ತಿರುಗಿಬಿದ್ದು ಅವರನ್ನು ತೀವ್ರವಾಗಿ ಗಾಯಗೊಳಿಸಿತು. ವೈದ್ಯರು ದೈವವಶಾತ್ ಬದುಕಿದರು, ಆನೆ ಸೆರೆಯಾಯಿತು.

ಮಗಳನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ಆನೆಯ ಪರವಾಗಿ ವಾದಿಸುವ ಎದೆ ನಮಗಿಲ್ಲ. ಮನುಷ್ಯರ ಪ್ರಾಣಕ್ಕೆ ಎರವಾದ ಆನೆಯನ್ನು ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅಪ್ಪಣೆಯ ಮೇರೆಗೆ ಹಿಡಿಯಲು ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವೇ ಎಡೆಗೊಟ್ಟಿದೆ. ಅದು ಅಗತ್ಯವಾಗುವ ಸಂದರ್ಭಗಳೂ ಉಂಟು. ಆದರೆ ಆನೆ ಸೆರೆಯಾಯಿತೆಂಬಲ್ಲಿಗೆ ಪತ್ರಿಕೆಯ ವರದಿಯೂ ನಮ್ಮ ಕುತೂಹಲವೂ ಒಟ್ಟಿಗೆ ಮುಗಿದುಬಿಡುವುದು. ಆನೆಯ ಬಾಳು ಮುಗಿಯುವುದಿಲ್ಲ. ಅದರ ಆಯುಸ್ಸು ಅರುವತ್ತು ಎಪ್ಪತ್ತು ವರ್ಷ. ಹಿಡಿದವರಿಗೆ ಮೊಮ್ಮಕ್ಕಳಾದರೂ ಹಿಡಿಸಿಕೊಂಡುದು ಇನ್ನೂ ಸರಪಳಿಯಲ್ಲಿಯೇ ಇರುವುದು ಸಾಧ್ಯ. ಆ ದೀರ್ಘವಾದ ಬಾಳಿನ ವಿಚಾರವಾಗಿ ಈ ನಾಲ್ಕು ಮಾತು.

ಮೊದಲು ಆನೆ ಕಳೆದುಕೊಂಡುದು ಏನೆಂಬುದನ್ನು ನೋಡೋಣ. ಆನೆಯ ಹಿಂಡಿನ ಯಜಮಾನಿಕೆ ಹಿರಿಯ ಹೆಣ್ಣಾನೆಯದು. ತಾಯಿ, ಚಿಕ್ಕಮ್ಮಂದಿರು, ಅಕ್ಕತಂಗಿಯರು, ಮರಿಗಳು ಸೇರಿದ ಅವಿಭಕ್ತ ಕುಟುಂಬವದು. ಯಾವ ತಿಂಗಳಲ್ಲಿ ಯಾವ ಹಳ್ಳದಲ್ಲಿ ನೀರಿರುವುದು, ಬಿದಿರು ಎಲ್ಲಿ ಚಿಗುರುವುದು ಎಂಬ ತಿಳಿವಳಿಕೆ ಆ ಮುದುಕಿಯಿಂದ ಮರಿಗಳಿಗೆ ಇಳಿದು ಬರುವುದು. ಗಂಡುಗಳು ಹತ್ತು ಹದಿನೈದು ವರ್ಷಕ್ಕೆ ಹಿಂಡನ್ನು ಬಿಟ್ಟು ಒಂಟಿಯಾಗಿಯೋ ಇತರ ಗಂಡುಗಳೊಡನೆಯೋ ಅಲೆಯತೊಡಗುವುವು. ಭದ್ರಾ ಅರಣ್ಯದ ಕಡೆಯಿಂದ ಉಬ್ರಾಣಿಯ ಗುಡ್ಡಗಳ ದಾರಿಯಾಗಿ ಚನ್ನಗಿರಿಯ ಸೀಮೆಗೆ ಇಳಿಯುವ ಸಲಗಗಳು ಇಂತಹವೇ. ಒಂದು ಆನೆಯ ಸಂಚಾರಕ್ಕೆ ನೂರಾರು ಚದರ ಕಿಲೋಮೀಟರು ಬೇಕು. ಜಗಳೂರಿನ ಕಡೆಯ ವಾಚಕರು ಇದನ್ನು ಸುಲಭವಾಗಿ ಅಂದಾಜು ಮಾಡಿಕೊಳ್ಳಬಹುದು. ಅವರ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಳಿಗಾಗಿ ೨೦೧೧ರಲ್ಲಿ ಅಭಯಾರಣ್ಯವಾಯಿತು. ಅದರ ವಿಸ್ತಾರ ಸುಮಾರು ೭೭ ಚದರ ಕಿಲೋಮೀಟರು. ಕೊಂಡುಕುರಿಗೆ ಅದೊಂದು ಸಾಮ್ರಾಜ್ಯ, ಸಲಗಕ್ಕೆ ಅಂಗಳ.

ಹೀಗೆ ಅಲೆದಾಡಿದ ಪ್ರಾಣಿಯನ್ನು ಹಿಡಿದ ಮೇಲೆ ದಪ್ಪ ದಿಮ್ಮಿಗಳಿಂದ ಕಟ್ಟಿದ ದೊಡ್ಡಿಯೊಳಕ್ಕೆ ಹೊಗಿಸುವರು. ಶಿಬಿರದವರು ಅದನ್ನು ಕ್ರಾಲ್ ಎಂದು ಕರೆಯುವರು. ಅದು ಆನೆ ಹಿಡಿಯುವಷ್ಟೇ ದೊಡ್ಡದು. ಮೊದಲ ದಿನಗಳಲ್ಲಿ ಆನೆಯು ದಿಮ್ಮಿಗಳಿಗೆ ಹಣೆಯನ್ನು ಚಚ್ಚಿಕೊಳ್ಳುವುದು, ಮೇವನ್ನು ಮುಟ್ಟದಿರುವುದು ಸಾಮಾನ್ಯ. ಮಾವುತನೂ ಅವನ ಸಹಾಯಕನಾದ ಕಾವಾಡಿಯೂ ಹಗಲಿರುಳು ಅಲ್ಲಿಯೇ ಇದ್ದು, ಕಬ್ಬು ಬೆಲ್ಲಗಳನ್ನು ಒಡ್ಡುತ್ತ, ಒಂದೇ ದನಿಯಲ್ಲಿ ಮಾತನಾಡಿಸುತ್ತ, ಅದು ತಮ್ಮ ಕೈಯಿಂದ ತುತ್ತು ತೆಗೆದುಕೊಳ್ಳುವ ದಿನವನ್ನು ಕಾಯುವರು. ಇದಕ್ಕೆ ವಾರಗಳು ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಈ ಕೆಲಸದಲ್ಲಿ ಕ್ರೌರ್ಯವೂ ಇದೆ, ಮಮತೆಯೂ ಇದೆ. ಒಂದನ್ನು ಮಾತ್ರ ಹೇಳುವವರ ಮಾತನ್ನು ನಾವು ಪೂರ್ತಿ ನಂಬುವುದಿಲ್ಲ.

ಇದೇನೂ ನಿನ್ನೆಯ ವಿದ್ಯೆಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೇ ಆನೆಗಳನ್ನು ಹಿಡಿದು ಪಳಗಿಸುವ ವಿಧಾನಗಳು ವಿವರವಾಗಿ ಬಂದಿವೆ. ಮೈಸೂರು ಸೀಮೆಯಲ್ಲಿ ೧೮೭೦ರ ದಶಕದಲ್ಲಿ ಸ್ಯಾಂಡರ್ಸನ್ ಎಂಬಾತನು ಹಿಂಡುಹಿಂಡಾಗಿ ಅಟ್ಟಿ ಹಿಡಿಯುವ ಖೆಡ್ಡಾವನ್ನು ಬಳಕೆಗೆ ತಂದನು; ಕಾಕನಕೋಟೆಯ ಕಡೆಯ ಖೆಡ್ಡಾ ನಡೆದುದು ೧೯೭೧ರಲ್ಲಿ. ಆಗ ಹಿಡಿಯುತ್ತಿದ್ದುದು ದಿಮ್ಮಿ ಎಳೆಯಲಿಕ್ಕೆ, ಮೆರವಣಿಗೆಗೆ, ಮಾರಾಟಕ್ಕೆ. ಈಗ ಹಿಡಿಯುವುದು ಊರನ್ನು ಕಾಪಾಡಲಿಕ್ಕೆ. ಕಾರಣವು ಬದಲಾಗಿದೆ, ಸರಪಳಿಯ ತೂಕವೇನೂ ಬದಲಾಗಿಲ್ಲ.

ಸೆರೆಯಲ್ಲಿಯೂ ತಾರತಮ್ಯವುಂಟು. ಸಕ್ರೆಬೈಲಿನ ಶಿಬಿರವು ಗಾಜನೂರಿನ ಅಣೆಕಟ್ಟೆಯ ಹಿನ್ನೀರಿನ ದಡದಲ್ಲಿ, ಶೆಟ್ಟಿಹಳ್ಳಿಯ ಅಭಯಾರಣ್ಯಕ್ಕೆ ಸೇರಿದಂತೆ ಇದೆ. ಬೆಳಗಿನ ಹೊತ್ತು ಆನೆಗಳನ್ನು ತುಂಗೆಯಲ್ಲಿ ಮಲಗಿಸಿ ಮೈ ತಿಕ್ಕುವರು. ಮೇವು ತಿನ್ನಿಸಿ, ಕಾಲಿಗೆ ಉದ್ದನೆಯ ಸರಪಳಿಯನ್ನು ಬಿಟ್ಟು ಪಕ್ಕದ ಕಾಡಿಗೆ ಅಟ್ಟುವರು. ಮಾರನೆಯ ಬೆಳಿಗ್ಗೆ ಮಾವುತನು ನೆಲದ ಮೇಲೆ ಸರಪಳಿ ಎಳೆದುಹೋದ ಗುರುತನ್ನು ಹಿಡಿದು ಹೋಗಿ ತನ್ನ ಆನೆಯನ್ನು ಕರೆತರುವನು. ಆನೆಗೆ ಆನೆಯ ಸಹವಾಸ, ಕಾಲಿಗೆ ಮಣ್ಣಿನ ನೆಲ, ಬಾಯಿಗೆ ತಾನೇ ಮುರಿದುಕೊಂಡ ಸೊಪ್ಪು, ಇಷ್ಟಾದರೂ ಅಲ್ಲಿ ದೊರೆಯುವುದು.

ಪಟ್ಟಣದ ಒಂಟಿ ಆನೆಗೆ ಈ ಮೂರೂ ಇಲ್ಲ. ಸೆರೆಯಲ್ಲಿರುವ ಆನೆಗಳನ್ನು ಅತಿಯಾಗಿ ಬಾಧಿಸುವುದು ಕಾಲಿನ ರೋಗವೆಂದು ವೈದ್ಯರು ಹೇಳುವರು. ದಿನವಿಡೀ ಕಲ್ಲುಹಾಸಿನ ಮೇಲೆ, ತನ್ನ ಮೂತ್ರದಲ್ಲಿಯೇ ನಿಂತು ನಿಂತು ಅಂಗಾಲು ಮೆತ್ತಗಾಗಿ ಕೊಳೆಯುವುದು, ಉಗುರು ಸೀಳುವುದು. ನಾಲ್ಕೈದು ಸಾವಿರ ಕಿಲೋ ತೂಗುವ ದೇಹಕ್ಕೆ ಕಾಲು ಹೋಯಿತೆಂದರೆ ಮುಂದೆ ಉಳಿಯುವುದೇನು? ಗಂಡಾನೆಗೆ ಮದವೇರಿದಾಗಲಂತೂ ಕಣ್ಣಿಗೂ ಕಿವಿಗೂ ನಡುವಿನ ಗ್ರಂಥಿಯಿಂದ ರಸ ಸುರಿಯುತ್ತಿರಲು, ವಾರಗಟ್ಟಲೆ ಮುಂಗಾಲು ಹಿಂಗಾಲುಗಳನ್ನು ಬಿಗಿದು ನಿಲ್ಲಿಸದೆ ಗತಿಯಿಲ್ಲ. ನಿಂತಲ್ಲಿಯೇ ಆನೆಯು ಅತ್ತಿತ್ತ ತೂಗುತ್ತಿರುವುದನ್ನು ಕಂಡು, "ನೋಡಿ, ಹೇಗೆ ಕುಣಿಯುತ್ತಿದೆ!" ಎಂದು ನಾವು ಮಕ್ಕಳಿಗೆ ತೋರಿಸುವೆವು. ಅದು ಕುಣಿತವಲ್ಲ, ನಡೆಯಬೇಕಾದ ಪ್ರಾಣಿಗೆ ನಡೆಯಲು ಎಡೆಯಿಲ್ಲದಾಗ ಹತ್ತುವ ಚಾಳಿ.

ಉಡುಪಿಯ ಶ್ರೀಕೃಷ್ಣಮಠದ ಸುಭದ್ರೆಯೆಂಬ ಹೆಣ್ಣಾನೆಯು ಸಕ್ರೆಬೈಲಿನಲ್ಲಿ ಆರೈಕೆ ಪಡೆದು, ತರುವಾಯ ನಮ್ಮ ಹೊನ್ನಾಳಿಯ ಹಿರೇಕಲ್ಮಠಕ್ಕೆ ಬಂದುದನ್ನು ಈ ಸೀಮೆಯವರು ಬಲ್ಲರು. ಊರಿನವರು ಅದನ್ನು ಮನೆಮಗಳಂತೆ ಕಂಡರೆಂಬುದು ನಿಜ. ಭಕ್ತಿಯಲ್ಲಿ ಕೊರತೆಯಿಲ್ಲ, ಆದರೆ ಮನುಷ್ಯರ ಪ್ರೀತಿ ಎಷ್ಟಿದ್ದರೂ ಅದು ಇನ್ನೊಂದು ಆನೆಯ ಮೈಸೋಂಕಿಗೆ ಸಾಟಿಯಾಗಲಾರದೆಂದು ನಮ್ಮ ಅಭಿಪ್ರಾಯ. ೨೦೨೩ರ ಅಕ್ಟೋಬರಿನಲ್ಲಿ ಶಿವಮೊಗ್ಗೆಯ ದಸರೆಗೆಂದು ಸಕ್ರೆಬೈಲಿನಿಂದ ಕರೆತಂದಿದ್ದ ನೇತ್ರಾವತಿಯು ಮೆರವಣಿಗೆಯ ಹಿಂದಿನ ರಾತ್ರಿ ಪಟ್ಟಣದೊಳಗೆಯೇ ಮರಿ ಹಾಕಿತು. ಆನೆಯ ಗರ್ಭವು ಹದಿನೆಂಟರಿಂದ ಇಪ್ಪತ್ತೆರಡು ತಿಂಗಳದು. ಮನೆಯಲ್ಲಿ ತುಂಬಿದ ಗರ್ಭಿಣಿಯನ್ನು ಜಾತ್ರೆಯ ನೂಕುನುಗ್ಗಲಿಗೆ ಕಳುಹಿಸುವ ಅತ್ತೆ ಯಾರಾದರೂ ಇದ್ದರೆ ಅವರು ಈ ಸಂಗತಿಯನ್ನು ಸಮರ್ಥಿಸಲಿ.

ಆನೆಗೆ ಸಮಾನವಾದ ಜೀವಿಯೊಂದು ಕಡಲಿನಲ್ಲಿಯೂ ಇದೆ. ಓರ್ಕಾ ಎಂದು ಅದರ ಹೆಸರು. ಡಾಲ್ಫಿನ್ನುಗಳ ಕುಲದಲ್ಲಿ ಎಲ್ಲಕ್ಕಿಂತ ದೊಡ್ಡದು, ಕಪ್ಪು ಬಿಳುಪಿನ ಮೈ. ಅದರ ಕುಟುಂಬಕ್ಕೂ ಮುದುಕಿಯೇ ಮುಂದಾಳು. ಕೆಲವು ಪಂಗಡಗಳಲ್ಲಿ ಗಂಡುಮಕ್ಕಳು ಸಹ ಕಡೆಯವರೆಗೆ ತಾಯಿಯನ್ನು ಬಿಡುವುದಿಲ್ಲ. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಪೆನ್ ಕೋವ್ ಎಂಬಲ್ಲಿ ೧೯೭೦ರಲ್ಲಿ ಹಿಂಡನ್ನು ಅಟ್ಟಿ, ಮರಿಗಳನ್ನು ಬಲೆಯಿಂದ ಬೇರ್ಪಡಿಸಿ ಮಾರಿದರು. ಖೆಡ್ಡಾದ ಕಡಲ ರೂಪವೆನ್ನಬಹುದು. ಅವುಗಳಲ್ಲಿ ಟೋಕಿಟೇ ಎಂಬ ಹೆಣ್ಣನ್ನು ಮಯಾಮಿ ಪಟ್ಟಣದ ಕೊಳವೊಂದರಲ್ಲಿ ಇರಿಸಿ ಆಟವಾಡಿಸಿದರು. ಸುಮಾರು ೨೦ ಅಡಿ ಉದ್ದದ ಜೀವಿ. ಕೊಳದ ಅತಿ ಹೆಚ್ಚಿನ ಆಳವೂ ೨೦ ಅಡಿ. ಜೊತೆಗಿದ್ದ ಗಂಡು ೧೯೮೦ರಲ್ಲಿ ಸತ್ತ ಬಳಿಕ ತನ್ನ ಜಾತಿಯ ಮತ್ತೊಂದು ಮುಖವನ್ನು ಕಾಣದೆ ೪೩ ವರ್ಷ ಬಾಳಿ, ಕಡಲಿಗೆ ಮರಳಿಸುವ ಯೋಜನೆ ಪ್ರಕಟವಾದ ವರ್ಷದಲ್ಲಿಯೇ, ೨೦೨೩ರ ಆಗಸ್ಟಿನಲ್ಲಿ, ಕಣ್ಣು ಮುಚ್ಚಿತು. ಕಡಲಿನಲ್ಲಿ ಸ್ವಚ್ಛಂದವಾಗಿರುವ ಓರ್ಕಾ ಮನುಷ್ಯನನ್ನು ಕೊಂದುದಕ್ಕೆ ಖಚಿತವಾದ ದಾಖಲೆ ಒಂದೂ ಇಲ್ಲ. ಕೊಳದಲ್ಲಿದ್ದ ಟಿಲಿಕಮ್ ಎಂಬುದು ಮಾತ್ರ ೧೯೯೧ರಿಂದ ೨೦೧೦ರೊಳಗೆ ಮೂರು ಜನರ ಸಾವಿಗೆ ಕಾರಣವಾಯಿತು. ಅದನ್ನು ಇರಿಸಿಕೊಂಡಿದ್ದ ಸೀವರ್ಲ್ಡ್ ಸಂಸ್ಥೆಯು ೨೦೧೬ರಲ್ಲಿ ಓರ್ಕಾಗಳ ಸಂತಾನ ಬೆಳೆಸುವುದನ್ನೇ ನಿಲ್ಲಿಸುವೆನೆಂದು ಸಾರಬೇಕಾಯಿತು.

ನಮ್ಮ ಸರ್ಕಾರವು ೨೦೧೩ರಲ್ಲಿಯೇ ಡಾಲ್ಫಿನ್ನು ಮತ್ತು ಅದರ ಕುಲದ ಜೀವಿಗಳನ್ನು ಪ್ರದರ್ಶನಕ್ಕಾಗಿ ಕೂಡಿಹಾಕಲು ಅನುಮತಿಯಿಲ್ಲವೆಂದಿತು. ಅವುಗಳ ಬುದ್ಧಿ ಬಲು ಸೂಕ್ಷ್ಮವೆಂಬುದೇ ಕಾರಣ. ಅದಕ್ಕೂ ಮೊದಲು, ೨೦೦೯ರಲ್ಲಿ, ಮೃಗಾಲಯಗಳಲ್ಲಿ ಆನೆಗಳನ್ನು ಇಡಕೂಡದೆಂದು ಕೇಂದ್ರ ಮೃಗಾಲಯ ಪ್ರಾಧಿಕಾರವು ಅಪ್ಪಣೆ ಮಾಡಿದ್ದಿತು. ಆದರೆ ಮೃಗಾಲಯದ ಗೋಡೆಯ ಹೊರಗಿನ ಸೆರೆಗೆ ಈ ನ್ಯಾಯ ಅನ್ವಯಿಸಲಿಲ್ಲ. ೨೦೨೨ರ ತಿದ್ದುಪಡಿಯು ಸಾಕಾನೆಗಳನ್ನು ಧಾರ್ಮಿಕ ಮತ್ತಿತರ ಉದ್ದೇಶಗಳಿಗೆ ವರ್ಗಾಯಿಸಲು ಎಡೆಮಾಡಿತು. ೨೦೨೪ರಲ್ಲಿ ಅದಕ್ಕೆ ನಿಯಮಗಳೂ ಬಂದುವು. ನಾವು ಎಂದೂ ಸಾಕದ ಪ್ರಾಣಿಗೆ ಕರುಣೆ ತೋರುವುದು ಸುಲಭ.

ಹಾಗಾದರೆ ಬಿಟ್ಟುಬಿಡಬಾರದೇಕೆ ಎಂದು ಕೇಳುವವರುಂಟು. ಸಿನಿಮಾದಿಂದ ಹೆಸರಾದ ಕೇಕೋ ಎಂಬ ಓರ್ಕಾವನ್ನು ಐಸ್‌ಲೆಂಡಿನ ಕಡಲಲ್ಲಿ ೧೯೭೯ರಲ್ಲಿ ಹಿಡಿದು, ೧೯೯೮ರಲ್ಲಿ ಬಹಳ ಹಣ ವೆಚ್ಚಮಾಡಿ ಅದೇ ಕಡಲಿಗೆ ಕೊಂಡೊಯ್ದರು. ೨೦೦೨ರಲ್ಲಿ ಅದು ನಾರ್ವೆಯವರೆಗೆ ಈಜಿಹೋಯಿತು. ಅಲ್ಲಿಯೂ ಮನುಷ್ಯರ ದೋಣಿಗಳನ್ನೇ ಹುಡುಕಿಕೊಂಡು ಬಂದು ಮರುವರ್ಷ ಸತ್ತಿತು. ನಮ್ಮ ಕೊಡಗಿನ ಕುಶನ ಕತೆ ಬೇರೆ. ೨೦೧೬ರಲ್ಲಿ ಹಿಡಿದು ದುಬಾರೆಯಲ್ಲಿ ಪಳಗಿಸಿದ ಈ ಗಂಡಾನೆಯು ಕಾಡಾನೆಗಳೊಡನೆ ಸೇರಿ ಕಣ್ಮರೆಯಾಯಿತು. ಬಹಳ ಕಾಲ ಹುಡುಕಿ ೨೦೨೧ರ ಮಾರ್ಚಿನಲ್ಲಿ ಮತ್ತೆ ಹಿಡಿದು ತಂದರು. ತಾನಾಗಿಯೇ ಕಾಡನ್ನು ಆರಿಸಿಕೊಂಡುದನ್ನು ಕಟ್ಟುವುದೇಕೆಂದು ಜನ ಮರುಗಿದುದರಿಂದ ಸರ್ಕಾರವು ಮನಸ್ಸು ಬದಲಿಸಿ, ಆ ಜೂನಿನಲ್ಲಿ ಕೊರಳಿಗೆ ರೇಡಿಯೋ ಪಟ್ಟಿಯನ್ನು ತೊಡಿಸಿ ಬಂಡೀಪುರದ ಮೂಲೆಹೊಳೆಯ ಕಾಡಿನಲ್ಲಿ ಬಿಡಿಸಿತು. ಕೆಲವೇ ವರ್ಷಗಳ ಸೆರೆಗೂ ಇಪ್ಪತ್ತು ವರ್ಷದ ಸೆರೆಗೂ ಇರುವ ಅಂತರವು ಈ ಎರಡು ಕತೆಗಳಲ್ಲಿದೆ. ಊರಿಗೆ ನುಗ್ಗಿ ಕೊಂದ ಆನೆಯನ್ನು ಮಾತ್ರ ಹೀಗೆ ಬಿಡೆಂದು ಹೇಳುವುದು ಯಾರಿಗೂ ಕಷ್ಟವೇ.

ಬಿಡಲಾಗದಿದ್ದರೆ ಸಾಕುವ ಹೊಣೆಯನ್ನಾದರೂ ಪೂರ್ತಿ ಹೊರಬೇಕು. ಇಲ್ಲಿ ಅರ್ಜುನನನ್ನು ನೆನೆಯದೆ ಇರಲಾಗುವುದಿಲ್ಲ. ೧೯೬೮ರಲ್ಲಿ ಕಾಕನಕೋಟೆಯಲ್ಲಿ ಸೆರೆಯಾದ ಆತನು ೨೦೧೨ರಿಂದ ೨೦೧೯ರವರೆಗೆ ಎಂಟು ದಸರೆಗಳಲ್ಲಿ ೭೫೦ ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತನು. ಅರುವತ್ತು ತುಂಬಿತು, ಇನ್ನು ಭಾರ ಹೊರಿಸಬಾರದೆಂದು ೨೦೨೦ರಲ್ಲಿ ಅಂಬಾರಿಯು ಅಭಿಮನ್ಯುವಿನ ಬೆನ್ನಿಗೇರಿತು. ಆದರೆ ಕಾಡಾನೆ ಹಿಡಿಯುವ ಕೆಲಸದಿಂದ ಅರ್ಜುನನಿಗೆ ನಿವೃತ್ತಿ ದೊರೆಯಲಿಲ್ಲ. ೨೦೨೩ರ ಡಿಸೆಂಬರ್ ೪ರಂದು ಹಾಸನ ಜಿಲ್ಲೆಯ ಯಸಳೂರಿನ ಕಾಡಿನಲ್ಲಿ, ತಾನು ಹಿಡಿಯಲು ಹೋದ ಸಲಗದೊಡನೆ ಕಾದಾಡಿ ಆ ಮುದುಕನು ಮಡಿದನು. ಐವತ್ತೈದು ವರ್ಷ ಸರ್ಕಾರದ ಸೇವೆ ಮಾಡಿದ ಗುಮಾಸ್ತನಿಗೆ ಇರುವ ವಿಶ್ರಾಂತಿಯ ಹಕ್ಕು ಆನೆಗೇಕಿರಬಾರದು?

ಈ ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಸಕ್ರೆಬೈಲಿಗೆ ಕರೆದುಕೊಂಡು ಹೋಗುವವರು ಅವರಿಗೆ ಸೊಂಡಿಲಿನ ಆಶೀರ್ವಾದವನ್ನಷ್ಟೇ ಕೊಡಿಸಿ ಹಿಂದಿರುಗಬಾರದೆಂದು ಬೇಡುತ್ತೇವೆ. ಆನೆಯ ಉಗುರುಗಳನ್ನು ನೋಡಲಿ. ಸರಪಳಿ ಉಜ್ಜಿದ ಕಾಲಿನ ಚರ್ಮವನ್ನು ನೋಡಲಿ. ನೀರಿನಿಂದೆದ್ದ ಹೆಣ್ಣಾನೆಗಳು ಒಂದರ ಬಾಯಿಗೆ ಒಂದು ಸೊಂಡಿಲಿಟ್ಟು ಕ್ಷೇಮ ವಿಚಾರಿಸುವುದನ್ನು ನೋಡಲಿ. ಮಾವುತನೊಡನೆ ಎರಡು ಮಾತನಾಡಲಿ. ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರು ದಾರಿ. ನಮ್ಮ ಕಡೆಯಿಂದ ಹೋಗುವವರು ನಸುಕಿನಲ್ಲಿಯೇ ಹೊರಡಬೇಕು. ಮಧ್ಯಾಹ್ನದ ಹೊತ್ತಿಗೆ ತಲಪಿದರೆ ದಡದಲ್ಲಿ ಹೆಜ್ಜೆಯ ಗುರುತುಗಳು ಮಾತ್ರ ಕಾಣುವುವು. ಆನೆಗಳು ಅಷ್ಟರಲ್ಲಿ ಕಾಡಿಗೆ ಹೋಗಿಬಿಟ್ಟಿರುವುವು.