ಡೇರೆ, ಬಿಸಿಲು ಮತ್ತು ಮೂರು ತಲೆಮಾರು: ಡಿಸ್ನಿ ವರ್ಲ್ಡ್ ಬಳಿಯ ಕ್ಯಾಂಪಿಂಗ್ ಕುರಿತು ವೈದ್ಯನ ಟಿಪ್ಪಣಿ

ಅಮೆರಿಕದ ಕನ್ನಡ ಕುಟುಂಬಗಳಲ್ಲಿ ಒರ್ಲ್ಯಾಂಡೊ ಪ್ರವಾಸವು ಹೆಚ್ಚುಕಡಿಮೆ ಒಂದು ಸಂಪ್ರದಾಯವೇ ಆಗಿದೆ. ಊರಿನಿಂದ ತಂದೆ-ತಾಯಿ ಬಂದಿರುತ್ತಾರೆ, ಮಕ್ಕಳ ಶಾಲೆಗೆ ಬೇಸಿಗೆ ರಜೆ ಇರುತ್ತದೆ. ಮೂರು ತಲೆಮಾರಿನವರು ಒಂದೇ ವ್ಯಾನಿನಲ್ಲಿ ಫ್ಲಾರಿಡಾದ ದಾರಿ ಹಿಡಿಯುತ್ತಾರೆ. ಹೋಟೆಲಿನ ಖರ್ಚು ತಗ್ಗಿಸಲು, ಮನೆಯ ಅಡುಗೆಯನ್ನು ಮಾಡಿಕೊಳ್ಳಲು, ಮಕ್ಕಳಿಗೆ ಡೇರೆಯ ಅನುಭವ ಕೊಡಲು ಹಲವರು ಹೋಟೆಲನ್ನು ಬಿಟ್ಟು ಕ್ಯಾಂಪ್‌ಗ್ರೌಂಡನ್ನು ಆರಿಸಿಕೊಳ್ಳುತ್ತಾರೆ. ಇದು ಒಳ್ಳೆಯ ಆಯ್ಕೆಯೇ. ಆದರೆ ಇಂಥ ಪ್ರವಾಸದ ವೇಳಾಪಟ್ಟಿಯನ್ನು ಸಾಮಾನ್ಯವಾಗಿ ಮನೆಯಲ್ಲಿ ಅತ್ಯಂತ ಉತ್ಸಾಹವಿರುವವರು ಬರೆಯುತ್ತಾರೆ. ಅದನ್ನು ಗುಂಪಿನಲ್ಲಿ ಅತ್ಯಂತ ದುರ್ಬಲವಾದ ದೇಹಕ್ಕೆ ಹೊಂದಿಸಿ ಬರೆಯಬೇಕು ಎಂಬುದೇ ಈ ಲೇಖನದ ಸಾರ.

ತಾಣದ ಪರಿಚಯ

ವಾಲ್ಟ್ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ತೆರೆಯಿತು. ಅದೇ ವರ್ಷದ ನವೆಂಬರಿನಲ್ಲಿ ಬೇ ಲೇಕ್ ಸರೋವರದ ದಡದಲ್ಲಿ ಫೋರ್ಟ್ ವಿಲ್ಡರ್ನೆಸ್ ಎಂಬ ಶಿಬಿರತಾಣವೂ ಆರಂಭವಾಯಿತು. ಪೈನ್ ಮತ್ತು ಸೈಪ್ರೆಸ್ ಮರಗಳ ನಡುವೆ ಸುಮಾರು 750 ಎಕರೆಯಲ್ಲಿ ಹರಡಿರುವ ಇಲ್ಲಿ ಡೇರೆಗಳಿಗೂ ಆರ್‌ವಿ ವಾಹನಗಳಿಗೂ ನೂರಾರು ನಿವೇಶನಗಳಿವೆ. ಪ್ರತ್ಯೇಕ ಕ್ಯಾಬಿನ್‌ಗಳೂ ಇವೆ. ಒಂದು ನಿವೇಶನದಲ್ಲಿ ಹತ್ತು ಜನರವರೆಗೆ ಇರಬಹುದು. ನೀರು, ವಿದ್ಯುತ್ತು, ಊಟದ ಮೇಜು ಮತ್ತು ಇದ್ದಿಲಿನ ಒಲೆ ಪ್ರತಿ ನಿವೇಶನದಲ್ಲಿಯೂ ಇರುತ್ತವೆ. ಶೌಚಾಲಯ, ಬಿಸಿನೀರಿನ ಸ್ನಾನ ಮತ್ತು ಬಟ್ಟೆ ಒಗೆಯುವ ಯಂತ್ರಗಳು ಹವಾನಿಯಂತ್ರಿತ ಸಾಮೂಹಿಕ ಕಟ್ಟಡಗಳಲ್ಲಿವೆ. ಮ್ಯಾಜಿಕ್ ಕಿಂಗ್‌ಡಮ್‌ಗೆ ದೋಣಿಯಲ್ಲಿಯೂ ಉಳಿದ ಪಾರ್ಕುಗಳಿಗೆ ಬಸ್ಸಿನಲ್ಲಿಯೂ ಹೋಗಬಹುದು. ಶಿಬಿರದೊಳಗೆ ಓಡಾಡಲು ಒಳಬಸ್ಸು, ಸೈಕಲ್ಲು ಅಥವಾ ಬಾಡಿಗೆಯ ಗಾಲ್ಫ್ ಕಾರ್ಟ್ ಬಳಸಬೇಕು. ನಿವೇಶನದಿಂದ ದೋಣಿಕಟ್ಟೆಗೆ ಹೋಗಲು ಒಳಬಸ್ಸಿಗಾಗಿ ಕಾಯುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವಯಸ್ಸಾದವರು ಜೊತೆಗಿದ್ದರೆ ನಿವೇಶನ ಕಾಯ್ದಿರಿಸುವಾಗಲೇ ಶೌಚಾಲಯದ ಕಟ್ಟಡಕ್ಕೆ ಹತ್ತಿರದ ಜಾಗವನ್ನು ಕೇಳಿರಿ. ಪ್ರಾಸ್ಟೇಟ್ ತೊಂದರೆಯಿರುವ ಅಥವಾ ಮೂತ್ರವರ್ಧಕ ಮಾತ್ರೆ ಸೇವಿಸುವ ಹಿರಿಯರು ರಾತ್ರಿ ಎರಡು ಮೂರು ಬಾರಿ ಏಳಬೇಕಾಗುತ್ತದೆ. ಕತ್ತಲಲ್ಲಿ ಡೇರೆಯ ಹಗ್ಗಕ್ಕೋ ಗೂಟಕ್ಕೋ ಕಾಲು ಸಿಕ್ಕಿ ಬಿದ್ದರೆ ಸೊಂಟದ ಮೂಳೆ ಮುರಿಯುವ ಅಪಾಯವಿದೆ. ಹಗ್ಗಗಳಿಗೆ ಬಿಳಿಯ ಬಟ್ಟೆ ಕಟ್ಟಿ, ಪ್ರತಿಯೊಬ್ಬ ಹಿರಿಯರ ತಲೆದಿಂಬಿನ ಪಕ್ಕ ಒಂದು ಟಾರ್ಚ್ ಇಡಿ. ಮಂಡಿನೋವಿರುವವರು ನೆಲದ ಮೇಲಿನ ಹಾಸಿಗೆಯಿಂದ ಏಳಲಾರರು. ಅವರಿಗೆ ಮಡಿಸುವ ಮಂಚ ಒಯ್ಯಿರಿ. ಇಷ್ಟೂ ಕಷ್ಟವೆನಿಸಿದರೆ ಹಿರಿಯರಿಗೆ ಕ್ಯಾಬಿನ್ ತೆಗೆದುಕೊಳ್ಳುವುದೇ ಸರಿ.

ಬಿಸಿಲಿಗಿಂತ ಸೆಕೆಯೇ ಅಪಾಯ

ಬಳ್ಳಾರಿ, ರಾಯಚೂರುಗಳ ಕಡೆಯಿಂದ ಬಂದವರು “ನಮಗೆ ಬಿಸಿಲು ಹೊಸದೇ?” ಎಂದು ಕೇಳುವುದುಂಟು. ಒರ್ಲ್ಯಾಂಡೊದಲ್ಲಿ ಜುಲೈ ತಿಂಗಳ ಮಧ್ಯಾಹ್ನದ ಉಷ್ಣತೆ ಸರಾಸರಿ 33 ಡಿಗ್ರಿ ಸೆಲ್ಸಿಯಸ್‌ನಷ್ಟು. ಬಳ್ಳಾರಿಯ ಏಪ್ರಿಲ್‌ಗೆ ಹೋಲಿಸಿದರೆ ಇದು ಕಡಿಮೆಯೇ. ಆದರೆ ನಮ್ಮ ದೇಹವು ತಂಪಾಗುವುದು ಬೆವರು ಆವಿಯಾಗುವುದರಿಂದ, ಬರಿದೇ ಸುರಿಯುವುದರಿಂದಲ್ಲ. ಒಣಹವೆಯಲ್ಲಿ ಬೆವರು ಬೇಗ ಆರಿ ಶಾಖವನ್ನು ಕೊಂಡೊಯ್ಯುತ್ತದೆ. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಮೈಮೇಲೆಯೇ ಉಳಿಯುತ್ತದೆ. ನೀರು ನಷ್ಟವಾಗುತ್ತದೆ, ತಂಪು ಮಾತ್ರ ಸಿಗುವುದಿಲ್ಲ. ಈ ದೃಷ್ಟಿಯಿಂದ ಫ್ಲಾರಿಡಾದ ಬೇಸಿಗೆಯು ಬಳ್ಳಾರಿಗಿಂತ ಮಂಗಳೂರಿನ ಸೆಕೆಗೆ ಹತ್ತಿರ. ಜೊತೆಗೆ, ಪಾರ್ಕಿನಲ್ಲಿ ಒಂದು ದಿನಕ್ಕೆ ಹತ್ತು ಕಿಲೋಮೀಟರ್ ನಡೆಯುವುದು ಅಪರೂಪವೇನಲ್ಲ.

ದೇಹವು ಸೆಕೆಗೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಮಿಷಿಗನ್, ಮಿನಿಸೋಟಗಳಂಥ ತಂಪು ರಾಜ್ಯಗಳಿಂದ ನಾಲ್ಕು ದಿನಗಳ ಮಟ್ಟಿಗೆ ಬರುವವರಿಗೆ ಆ ಅವಕಾಶವೇ ಇಲ್ಲ. ಆದುದರಿಂದ ಬೆಳಗ್ಗೆ ಪಾರ್ಕು ತೆರೆಯುವ ಹೊತ್ತಿಗೆ ಅಲ್ಲಿರಿ, ಹನ್ನೆರಡರ ಸುಮಾರಿಗೆ ಶಿಬಿರಕ್ಕೆ ಮರಳಿ ನಾಲ್ಕು ಗಂಟೆಯವರೆಗೆ ವಿಶ್ರಾಂತಿ ಪಡೆಯಿರಿ, ಸಂಜೆ ಮತ್ತೆ ಹೋಗಿರಿ. ಪಾರ್ಕಿನ ಸಮೀಪವೇ ತಂಗಿರುವುದರ ನಿಜವಾದ ಲಾಭ ಈ ಮಧ್ಯಾಹ್ನದ ಮರಳುವಿಕೆ. ಆದರೆ ಮಧ್ಯಾಹ್ನದ ಡೇರೆಯೊಳಗೆ ಹೊರಗಿಗಿಂತ ಹೆಚ್ಚು ಶಾಖವಿರುತ್ತದೆ. ಮರದ ನೆರಳಿನಲ್ಲಿ ಫ್ಯಾನ್ ಹಾಕಿಕೊಂಡು ಮಲಗಬೇಕು, ಇಲ್ಲವೇ ಹವಾನಿಯಂತ್ರಿತ ಕಟ್ಟಡದಲ್ಲಿ ಕುಳಿತುಕೊಳ್ಳಬೇಕು.

ನೀರಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ತಾಯಂದಿರು ಪ್ರವಾಸದಲ್ಲಿ ಬೇಕೆಂದೇ ಕಡಿಮೆ ನೀರು ಕುಡಿಯುತ್ತಾರೆ. ಶೌಚಾಲಯ ಎಲ್ಲಿದೆಯೋ, ತಮ್ಮಿಂದ ಎಲ್ಲರೂ ಕಾಯಬೇಕಾಗುತ್ತದೆಯೋ ಎಂಬ ಸಂಕೋಚವೇ ಇದಕ್ಕೆ ಕಾರಣ, ಬಾಯಿಬಿಟ್ಟು ಹೇಳುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಕುಂದುತ್ತದೆ. “ನೀರು ಬೇಕೇ ಅಮ್ಮ?” ಎಂದು ಕೇಳಿದರೆ “ಬೇಡ” ಎಂಬ ಉತ್ತರವೇ ಬರುತ್ತದೆ. ಆದ್ದರಿಂದ ಕೇಳದೆ ಕೈಗೆ ಲೋಟ ಕೊಡಿ. ಪಾರ್ಕು ಹೊಕ್ಕ ಕೂಡಲೆ ಹತ್ತಿರದ ಶೌಚಾಲಯವನ್ನು ತೋರಿಸಿ, ಪ್ರತಿ ಎರಡು ಗಂಟೆಗೊಮ್ಮೆ ಎಲ್ಲರೂ ಅಲ್ಲಿಗೆ ಹೋಗುವ ಪದ್ಧತಿ ಇಟ್ಟುಕೊಳ್ಳಿ. ಆಗ ಸಂಕೋಚಕ್ಕೆ ಎಡೆಯಿಲ್ಲ. ಡಿಸ್ನಿ ಪಾರ್ಕುಗಳ ತಿಂಡಿ ಕೌಂಟರುಗಳಲ್ಲಿ ಕೇಳಿದರೆ ತಣ್ಣೀರನ್ನು ಉಚಿತವಾಗಿ ಕೊಡುತ್ತಾರೆ. ಶಿಬಿರಕ್ಕೆ ಮರಳಿದಾಗ ಉಪ್ಪು ಹಾಕಿದ ನೀರುಮಜ್ಜಿಗೆ ಉತ್ತಮ. ಮೂತ್ರವು ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದೇ ಅರ್ಥ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿರುವವರು ಎಷ್ಟು ನೀರು ಕುಡಿಯಬೇಕೆಂಬುದನ್ನು ತಮ್ಮ ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು.

ತಲೆನೋವು, ವಾಕರಿಕೆ, ಸ್ನಾಯುಸೆಳೆತ, ವಿಪರೀತ ಸುಸ್ತು ಕಂಡರೆ ಅದು ಶಾಖದ ಬಳಲಿಕೆ. ನೆರಳಿಗೆ ಕರೆದೊಯ್ದು, ಮಲಗಿಸಿ, ನೀರು ಕೊಟ್ಟರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಮಾತು ತಡವರಿಸಿದರೆ, ಗೊಂದಲ ಕಂಡರೆ, ಪ್ರಜ್ಞೆ ಮಂಕಾದರೆ ಅದು ಶಾಖಾಘಾತ. ಮೈ ಒಣಗಿರಬಹುದು, ಬೆವರುತ್ತಲೂ ಇರಬಹುದು. ತಕ್ಷಣ 911ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಿರಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆಯಿಂದ ಇಲ್ಲಿ ಪ್ರಯೋಜನವಿಲ್ಲ.

ಔಷಧಗಳು ಮತ್ತು ಪಾದಗಳು

ಮೂತ್ರವರ್ಧಕಗಳು, ರಕ್ತದೊತ್ತಡದ ಕೆಲವು ಮಾತ್ರೆಗಳು, ಮಧುಮೇಹಕ್ಕೆ ಕೊಡುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳು ದೇಹದ ನೀರು ಕಡಿಮೆಯಾದಾಗ ತೊಂದರೆ ಕೊಡಬಲ್ಲವು. ಇವುಗಳ ಜೊತೆಗೆ ಮಂಡಿನೋವಿಗೆಂದು ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸಂಭವವಿದೆ. ನೋವಿಗೆ ಪ್ಯಾರಾಸಿಟಮಾಲ್ ಸುರಕ್ಷಿತ. ಅಮೆರಿಕದ ಅಂಗಡಿಗಳಲ್ಲಿ ಅದರ ಹೆಸರು ಅಸೆಟಮಿನೋಫೆನ್. ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸದೆ, ಪ್ರವಾಸಕ್ಕೆ ಮುನ್ನ ವೈದ್ಯರೊಡನೆ ಮಾತನಾಡಿರಿ.

ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬೆಳಗ್ಗೆ ಔಷಧ ಸೇವಿಸಿ, ಗಂಟೆಗಟ್ಟಲೆ ನಡೆದು, ಸಾಲು ಉದ್ದವಿದೆಯೆಂದು ಊಟವನ್ನು ಮುಂದೂಡಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಅವರ ಜೇಬಿನಲ್ಲಿಯೇ ಗ್ಲೂಕೋಸ್ ಗುಳಿಗೆ ಅಥವಾ ಸಕ್ಕರೆಯ ಮಿಠಾಯಿ ಇರಲಿ. ಸೊಸೆಯ ಚೀಲದಲ್ಲಿದ್ದರೆ ಹೊತ್ತಿಗೆ ಒದಗುವುದಿಲ್ಲ. ಬಳಕೆಯಲ್ಲಿರುವ ಇನ್ಸುಲಿನ್ ಪೆನ್ನುಗಳಲ್ಲಿ ಹೆಚ್ಚಿನವು 30 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಕೆಡದೆ ಉಳಿಯುತ್ತವೆ. ಬಿಸಿಲಲ್ಲಿ ನಿಂತ ಕಾರಾಗಲಿ ಡೇರೆಯಾಗಲಿ ಆ ಮಿತಿಯನ್ನು ಬೇಗನೆ ದಾಟುತ್ತದೆ. ಐಸ್ ಪೆಟ್ಟಿಗೆಯಲ್ಲಿ ಇಡುವುದಾದರೆ ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿಡಿ. ಹೆಪ್ಪುಗಟ್ಟಿದ ಇನ್ಸುಲಿನ್ ನಿರುಪಯೋಗಿ. ಪಾರ್ಕುಗಳ ಪ್ರಥಮ ಚಿಕಿತ್ಸಾ ಕೇಂದ್ರಗಳಲ್ಲಿ ಔಷಧವನ್ನು ತಂಪಾಗಿ ಇಟ್ಟುಕೊಡುವ ವ್ಯವಸ್ಥೆಯಿದೆ.

ದೀರ್ಘಕಾಲದ ಮಧುಮೇಹಿಗಳ ಪಾದಗಳಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುತ್ತದೆ. ನೀರುಗುಳ್ಳೆ ಎದ್ದರೂ ತಿಳಿಯುವುದಿಲ್ಲ. ಪ್ರವಾಸಕ್ಕೆಂದೇ ಕೊಂಡ ಹೊಸ ಶೂ, ದಿನವೆಲ್ಲ ಹವಾಯಿ ಚಪ್ಪಲಿ ಎರಡೂ ಬೇಡ. ಪ್ರತಿ ರಾತ್ರಿ ಟಾರ್ಚ್ ಹಿಡಿದು ಅವರ ಅಂಗಾಲನ್ನು ನೋಡುವ ಕೆಲಸವನ್ನು ಮೊಮ್ಮಕ್ಕಳಿಗೆ ವಹಿಸಿರಿ; ಅವರು ಸಂತೋಷದಿಂದ ಮಾಡುತ್ತಾರೆ.

ಸಿಡಿಲು, ಸರೋವರ, ಇರುವೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯ ಫ್ಲಾರಿಡಾದಲ್ಲಿ ಮಧ್ಯಾಹ್ನದ ಗುಡುಗುಮಳೆ ಬಹಳ ಸಾಮಾನ್ಯ. ಡೇರೆಯು ಮಳೆಗೆ ಆಸರೆ, ಸಿಡಿಲಿಗೆ ಅಲ್ಲ. ಮರದ ಅಡಿಯೂ ತೆರೆದ ಗಾಲ್ಫ್ ಕಾರ್ಟ್ ಕೂಡ ಸುರಕ್ಷಿತವಲ್ಲ. ಗುಡುಗು ಕೇಳಿಸಿತೆಂದರೆ ಗಟ್ಟಿ ಕಟ್ಟಡದೊಳಗೆ ಅಥವಾ ಲೋಹದ ಮಾಡಿರುವ ಕಾರಿನೊಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬಾರದು. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಉಸಿರಾಟ ನಿಂತಿದ್ದರೆ 911ಕ್ಕೆ ತಿಳಿಸಿ ಕೂಡಲೆ ಸಿಪಿಆರ್ ಆರಂಭಿಸಬೇಕು.

ಸರೋವರದ ಮರಳುದಂಡೆ ಮಕ್ಕಳನ್ನು ಸೆಳೆಯುತ್ತದೆ. ಆದರೆ ಫ್ಲಾರಿಡಾದ ಸಿಹಿನೀರಿನಲ್ಲೆಲ್ಲ ಆಲಿಗೇಟರ್ ಮೊಸಳೆಗಳು ಇರಬಹುದು. 2016ರ ಜೂನ್‌ನಲ್ಲಿ, ಬೇ ಲೇಕ್‌ನೊಂದಿಗೆ ಕೂಡಿಕೊಂಡಿರುವ ಇನ್ನೊಂದು ಸರೋವರದ ದಡದಲ್ಲಿ, ಎರಡು ವರ್ಷದ ಮಗುವೊಂದನ್ನು ಮೊಸಳೆ ಎಳೆದೊಯ್ದು ಮಗು ಸಾವನ್ನಪ್ಪಿತು. ಮೊಸಳೆಗಳು ಮುಸ್ಸಂಜೆಯಿಂದ ಮುಂಜಾವಿನವರೆಗೆ ಹೆಚ್ಚು ಚುರುಕು. ಮಕ್ಕಳು ಪಾದ ಮುಳುಗುವಷ್ಟು ನೀರಿಗೂ ಇಳಿಯಬಾರದು. ಮೊಸಳೆಗಳಿಗೆ ಆಹಾರ ಎಸೆಯುವುದು ಅಲ್ಲಿನ ಕಾನೂನಿನ ಪ್ರಕಾರ ಅಪರಾಧ. ಈಜಲು ಕ್ಲೋರಿನ್ ಹಾಕಿದ ಕೊಳವೇ ಸಾಕು, ಅಲ್ಲಿಯೂ ಮೊಬೈಲ್ ಬದಿಗಿಟ್ಟ ಒಬ್ಬ ಹಿರಿಯರ ಕಣ್ಣು ಮಕ್ಕಳ ಮೇಲಿರಲಿ.

ಡೇರೆ ಹಾಕುವ ಮೊದಲು ಸಡಿಲ ಮಣ್ಣಿನ ಸಣ್ಣ ದಿಬ್ಬಗಳಿವೆಯೇ ನೋಡಿರಿ. ಅವು ಬೆಂಕಿ ಇರುವೆಗಳ ಗೂಡು. ಕಚ್ಚಿದ ಜಾಗದಲ್ಲಿ ಮರುದಿನ ಕೀವಿನಂತೆ ಕಾಣುವ ಗುಳ್ಳೆ ಏಳುತ್ತದೆ, ಅದನ್ನು ಒಡೆಯಬಾರದು. ತುಟಿ, ನಾಲಗೆ ಊದಿದರೆ ಅಥವಾ ಉಸಿರಾಟ ಕಷ್ಟವಾದರೆ 911. ಸೊಳ್ಳೆಗಳಿಗೆ ಡೀಟ್ ಅಥವಾ ಪಿಕಾರಿಡಿನ್ ಇರುವ ಲೇಪನ ಪರಿಣಾಮಕಾರಿ; ಎರಡು ತಿಂಗಳೊಳಗಿನ ಶಿಶುವಿಗೆ ಲೇಪನ ಬೇಡ, ಸೊಳ್ಳೆಪರದೆ ಸಾಕು.

ಅನ್ನ ಮತ್ತು ಇದ್ದಿಲು

ವಿದ್ಯುತ್ತು ಇರುವುದರಿಂದ ರೈಸ್ ಕುಕ್ಕರ್ ಒಯ್ಯಬಹುದು. ಆದರೆ ಬೆಳಗಿನ ಚಿತ್ರಾನ್ನವನ್ನು ಸಂಜೆಗೆ ಉಳಿಸುವ ಅಭ್ಯಾಸ ಇಲ್ಲಿ ಸಲ್ಲದು. ಬೆಂದ ಅನ್ನ ಬೆಚ್ಚಗೆ ಉಳಿದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಾಂತಿ ತರುವ ವಿಷವನ್ನು ಉಂಟುಮಾಡುತ್ತದೆ. ಮತ್ತೆ ಬಿಸಿಮಾಡಿದರೂ ಆ ವಿಷ ಹೋಗುವುದಿಲ್ಲ. ಹೊರಗಿಟ್ಟ ಅಡುಗೆಗೆ ಎರಡು ಗಂಟೆ ಮಿತಿ. ಹವೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ತೆಂಗಿನಕಾಯಿ ಚಟ್ನಿಗೂ ಇದೇ ನಿಯಮ. ಚಟ್ನಿಪುಡಿ, ಅವಲಕ್ಕಿ, ಹುರಿದ ಶೇಂಗಾ, ಚಪಾತಿ, ಗೊಜ್ಜು ಮತ್ತು ಆಗಾಗ ಮಾಡಿಕೊಳ್ಳುವ ಬಿಸಿ ಅನ್ನ ಒಳ್ಳೆಯ ಜೋಡಿ.

ಇದ್ದಿಲಿನ ಒಲೆಯನ್ನು ಯಾವ ಕಾರಣಕ್ಕೂ ಡೇರೆಯೊಳಗೆ ತರಬೇಡಿ. ಮಳೆ ಬಂತೆಂದೋ, ಜನವರಿಯ ರಾತ್ರಿ 10 ಡಿಗ್ರಿಗೆ ಇಳಿದು ಚಳಿಯಾಯಿತೆಂದೋ ಈ ಆಲೋಚನೆ ಬರುತ್ತದೆ. ಆರುತ್ತಿರುವ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲ ಲಕ್ಷಣಗಳಾದ ತಲೆನೋವು, ವಾಕರಿಕೆಗಳನ್ನು ದಣಿವೆಂದು ಭಾವಿಸಿ ಮಲಗಿದವರು ಏಳದೇ ಹೋಗಬಹುದು. ಡೇರೆಯ ಬಾಗಿಲು ತೆರೆದಿಟ್ಟರೂ ಅಪಾಯ ತಪ್ಪುವುದಿಲ್ಲ. ಚಳಿಗೆ ಕಂಬಳಿಯೇ ಮದ್ದು.

ಒಂದು ಚೀಟಿ

ಹೊರಡುವ ಮುನ್ನ ಪ್ರತಿಯೊಬ್ಬ ಹಿರಿಯರಿಗೂ ಮಗುವಿಗೂ ಇಂಗ್ಲಿಷಿನಲ್ಲಿ ಒಂದೊಂದು ಚೀಟಿ ಬರೆದು ಜೇಬಿನಲ್ಲಿಡಿ: ಹೆಸರು, ಮಗನ ಅಥವಾ ಮಗಳ ಮೊಬೈಲ್ ಸಂಖ್ಯೆ, ಕಾಯಿಲೆ, ಔಷಧ, ಅಲರ್ಜಿ. ತಂದೆ-ತಾಯಿಯ ಪ್ರವಾಸ ವಿಮೆಯ ಸಂಖ್ಯೆಯೂ ಅದರಲ್ಲಿರಲಿ. ಹಳೆಯ ಕಾಯಿಲೆಗಳಿಗೆ ಆ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನು ಮೊದಲೇ ಓದಿಕೊಳ್ಳಿ. ಫೋರ್ಟ್ ವಿಲ್ಡರ್ನೆಸ್‌ನಲ್ಲಿ ನಿವೇಶನಗಳು ಲೂಪ್ ಎಂಬ ಸುತ್ತುಬೀದಿಗಳಲ್ಲಿ ಹಂಚಿಹೋಗಿವೆ. ರಾತ್ರಿ 911ಕ್ಕೆ ಕರೆ ಮಾಡಬೇಕಾಗಿ ಬಂದರೆ ಲೂಪ್ ಮತ್ತು ನಿವೇಶನದ ಸಂಖ್ಯೆಯನ್ನು ಹೇಳದೆ ಆಂಬುಲೆನ್ಸ್ ಬೇಗ ತಲಪದು. ಆ ಎರಡು ಸಂಖ್ಯೆಗಳನ್ನು ಡೇರೆ ಹಾಕಿದ ದಿನವೇ ಚೀಟಿಗೆ ಸೇರಿಸಿ, ಮನೆಮಂದಿಗೆಲ್ಲ ಬಾಯಿಪಾಠ ಮಾಡಿಸಿ. ಇಷ್ಟಾದ ಮೇಲೆ, ಎರಡು ಆಟಗಳು ತಪ್ಪಿಹೋದರೂ ಚಿಂತೆಯಿಲ್ಲ. ಮಧ್ಯಾಹ್ನ ಮರದ ನೆರಳಲ್ಲಿ ಅಜ್ಜಿ ನಿದ್ದೆ ಮಾಡಿ ಎದ್ದರೆ, ರಾತ್ರಿಯ ಬಾಣಬಿರುಸನ್ನು ಮೊಮ್ಮಕ್ಕಳ ಜೊತೆ ನೋಡಲು ಅವರಿಗೆ ಶಕ್ತಿ ಉಳಿದಿರುತ್ತದೆ.