ಮಳೆಯ ಲೆಕ್ಕ, ಮಂದೆಯ ರಕ್ಷೆ

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಟೆಕ್ಸಾಸ್ ಎಂಬ ವಿಶಾಲವಾದ ರಾಜ್ಯವಿದೆ. ವಿಸ್ತೀರ್ಣದಲ್ಲಿ ಅದು ನಮ್ಮ ಕರ್ನಾಟಕಕ್ಕಿಂತ ಮೂರೂವರೆ ಪಟ್ಟು ದೊಡ್ಡದು. ಅಲ್ಲಿ ಸಾವಿರಾರು ಎಕರೆಗಳ ಹುಲ್ಲುಗಾವಲುಗಳಿಗೆ ಬೇಲಿ ಹಾಕಿ, ಮಾಂಸೋತ್ಪಾದನೆಗಾಗಿ ದನಗಳನ್ನು ಸಾಕುತ್ತಾರೆ. ಇಂತಹ ಹುಲ್ಲುಗಾವಲಿಗೆ ‘ರ‍್ಯಾಂಚ್’ ಎಂದು ಹೆಸರು. ಚಿತ್ರದುರ್ಗ, ಹಾಸನ ಜಿಲ್ಲೆಗಳ ಅಮೃತಮಹಲ್ ಕಾವಲುಗಳನ್ನು ಕಂಡವರು ಇದರ ರೂಪವನ್ನು ಸ್ವಲ್ಪಮಟ್ಟಿಗೆ ಊಹಿಸಿಕೊಳ್ಳಬಹುದು.

ಟೆಕ್ಸಾಸಿನ ಪೂರ್ವದ ಅಂಚಿನಲ್ಲಿ ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆ ಬೀಳುತ್ತದೆ. ಪಶ್ಚಿಮಕ್ಕೆ ಹೋದಂತೆಲ್ಲ ಅದು ಕಡಿಮೆಯಾಗುತ್ತ, ಎಲ್ ಪಾಸೊ ನಗರದ ಬಳಿ 230 ಮಿಲಿಮೀಟರಿಗೆ ಇಳಿಯುತ್ತದೆ. ಬೀಳುವ ಮಳೆಯೂ ನಂಬಿಕೆಗೆ ಅರ್ಹವಾದುದಲ್ಲ. 1950ರಲ್ಲಿ ಆರಂಭವಾದ ಅನಾವೃಷ್ಟಿಯು 1957ರ ವಸಂತದವರೆಗೂ ಮುಂದುವರಿಯಿತು. ರಾಜ್ಯದ 254 ಕೌಂಟಿಗಳ ಪೈಕಿ 244 ಸಂಕಟಪೀಡಿತವೆಂದು ಘೋಷಿಸಲ್ಪಟ್ಟವು. ಮುಂದೆ 2011ರ ಬರಗಾಲದಲ್ಲಿ ಜಾನುವಾರು ಸಾಕಣೆಯೊಂದರಲ್ಲಿಯೇ ಆದ ನಷ್ಟವನ್ನು 323 ಕೋಟಿ ಡಾಲರುಗಳೆಂದು ಅಂದಾಜು ಮಾಡಲಾಯಿತು.

ಇಂತಹ ಕಾಲದಲ್ಲಿ ಮಂದೆಯ ಒಡೆಯನಿಗೆ ಎದುರಾಗುವ ಪ್ರಶ್ನೆ ಅತ್ಯಂತ ಕಠಿಣವಾದುದು. ಹಲವು ತಲೆಮಾರುಗಳಿಂದ ಆರಿಸಿ ಬೆಳೆಸಿದ ಹಸುಗಳನ್ನು ಮಾರಲು ಯಾರಿಗೆ ಮನಸ್ಸು ಬಂದೀತು? ಇಂದಲ್ಲ ನಾಳೆ ಮಳೆ ಬಂದೀತೆಂದು ಆತನು ಕಾಯುತ್ತಾನೆ. ಅಷ್ಟರಲ್ಲಿ ದನಗಳು ಹುಲ್ಲನ್ನು ಬುಡದವರೆಗೂ ಮೇಯುತ್ತವೆ, ಬೇರು ಸೊರಗುತ್ತದೆ, ದನಗಳು ಬಡಕಲಾಗುತ್ತವೆ. ಕಡೆಗೆ ಎಲ್ಲರೂ ಒಮ್ಮೆಗೇ ಸಂತೆಗೆ ಹೊಡೆದುಕೊಂಡು ಬರುವುದರಿಂದ ಬೆಲೆಯೂ ಕುಸಿಯುತ್ತದೆ. ಈ ದುಃಸ್ಥಿತಿಯನ್ನು ತಪ್ಪಿಸಲು ಎರಡು ಬಗೆಯ ಲೆಕ್ಕಗಳು ನೆರವಾಗುತ್ತವೆ: ಒಂದು ಮಳೆಯದು, ಇನ್ನೊಂದು ಅಂತರ್ಜಲದ್ದು.

ಮೊದಲು ಮಳೆಯ ಲೆಕ್ಕವನ್ನು ನೋಡೋಣ. ಐನೂರು ಕಿಲೋಗ್ರಾಂ ತೂಗುವ ಒಂದು ಹಸುವಿಗೆ ದಿನಕ್ಕೆ ಸುಮಾರು 12 ಕಿಲೋಗ್ರಾಂ ಒಣಹುಲ್ಲಿನಷ್ಟು ಮೇವು ಬೇಕು. ವರ್ಷಕ್ಕೆ ಸುಮಾರು 4,380 ಕಿಲೋಗ್ರಾಂ. ಆದರೆ ಬೆಳೆದ ಹುಲ್ಲೆಲ್ಲವೂ ಹಸುವಿನ ಪಾಲಿಗಲ್ಲ. ಬೇರಿನ ಆರೋಗ್ಯಕ್ಕಾಗಿಯೂ ಮಣ್ಣಿನ ಹೊದಿಕೆಗಾಗಿಯೂ ಅರ್ಧದಷ್ಟನ್ನು ಉಳಿಸಬೇಕು. ಕಾಲ್ತುಳಿತಕ್ಕೆ, ಕೀಟಗಳಿಗೆ ಕಾಲುಭಾಗ ಹೋಗುತ್ತದೆ. ಹಸುವಿಗೆ ದಕ್ಕುವುದು ಉಳಿದ ಕಾಲುಭಾಗ ಮಾತ್ರ. ಒಂದು ಎಕರೆಯಲ್ಲಿ 1,000 ಕಿಲೋಗ್ರಾಂ ಹುಲ್ಲು ಬೆಳೆದರೆ 250 ಕಿಲೋಗ್ರಾಂ ಮೇವಾಯಿತು. ಅಂದರೆ ಒಂದು ಹಸುವಿಗೆ ಹದಿನೇಳೂವರೆ ಎಕರೆ, 3,500 ಎಕರೆಯ ಹುಲ್ಲುಗಾವಲಿನಲ್ಲಿ 200 ಹಸುಗಳು. ಮಳೆ ಕೈಕೊಟ್ಟು ಹುಲ್ಲು ಅರ್ಧವಾದರೆ ಅದೇ ನೆಲವು 100 ಹಸುಗಳನ್ನು ಮಾತ್ರ ಸಲಹಬಲ್ಲದು.

ಆ ಪ್ರದೇಶದಲ್ಲಿ ವರ್ಷದ ಹುಲ್ಲಿನ ಬಹುಭಾಗವು ವಸಂತದಲ್ಲಿಯೂ ಬೇಸಗೆಯ ಮೊದಲರ್ಧದಲ್ಲಿಯೂ ಬೆಳೆದುಬಿಡುತ್ತದೆ. ಆದುದರಿಂದ ಜಾಣನಾದ ಒಡೆಯನು ಮಳೆಮಾಪಕದ ಅಂಕಿಗಳನ್ನು ತಪ್ಪದೆ ಬರೆದಿಡುತ್ತಾನೆ. ಜುಲೈ ಮೊದಲ ವಾರದಂತಹ ಒಂದು ಗಡುವನ್ನು ಮುಂಚೆಯೇ ಗೊತ್ತುಮಾಡಿಕೊಂಡು, ಅಂದಿಗೆ ಬಿದ್ದಿರುವ ಮಳೆಯನ್ನು ಹಿಂದಿನ ವರ್ಷಗಳ ಸರಾಸರಿಯೊಡನೆ ಹೋಲಿಸುತ್ತಾನೆ. ಕೊರತೆ ಹೆಚ್ಚಾಗಿದ್ದರೆ ಮುದಿ ಹಸುಗಳನ್ನೂ ಗೊಡ್ಡು ಹಸುಗಳನ್ನೂ ಮೊದಲು ಮಾರಿ, ಮಂದೆಯ ತಿರುಳನ್ನು ಉಳಿಸಿಕೊಳ್ಳುತ್ತಾನೆ. ಇಡೀ ದೇಶದ ಅನಾವೃಷ್ಟಿಯ ನಕ್ಷೆಯೊಂದು 1999ರಿಂದ ವಾರಕ್ಕೊಮ್ಮೆ ಪ್ರಕಟವಾಗುತ್ತಿದ್ದು, ಅದೂ ಆತನಿಗೆ ದಾರಿ ತೋರಿಸುತ್ತದೆ.

ಇನ್ನು ಅಂತರ್ಜಲದ ಲೆಕ್ಕ. ಬಾವಿಯ ನೀರಿನ ಮಟ್ಟವನ್ನು ಅಳೆಯುವ ವಿಧಾನ ಬಹಳ ಸರಳವಾದುದು. ಉಕ್ಕಿನ ಅಳತೆಪಟ್ಟಿಯ ತುದಿಗೆ ಸೀಮೆಸುಣ್ಣವನ್ನು ಬಳಿದು ಬಾವಿಯೊಳಕ್ಕೆ ಇಳಿಬಿಡುತ್ತಾರೆ. ಮೇಲಕ್ಕೆತ್ತಿದಾಗ ಸುಣ್ಣವು ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಷ್ಟು ಉದ್ದವನ್ನು ಇಳಿಬಿಟ್ಟ ಒಟ್ಟು ಉದ್ದದಿಂದ ಕಳೆದರೆ ನೀರಿನ ಆಳ ತಿಳಿಯುತ್ತದೆ. ನೀರಾವರಿಯ ಪಂಪುಗಳು ನಿಂತಿರುವ ಚಳಿಗಾಲದಲ್ಲಿ, ಪ್ರತಿ ವರ್ಷವೂ ಅದೇ ಸಮಯದಲ್ಲಿ ಅಳೆದರೆ ಹೋಲಿಕೆ ಸರಿಯಾಗುತ್ತದೆ.

ಈ ಅಳತೆಯಿಂದ ಪ್ರಯೋಜನವೇನು? ಸುಡುಬಿಸಿಲಿನ ದಿನ ಒಂದು ಹಸು ಸುಮಾರು 70 ಲೀಟರ್ ನೀರು ಕುಡಿಯುತ್ತದೆ. 200 ಹಸುಗಳಿಗೆ 14,000 ಲೀಟರ್. ನಿಮಿಷಕ್ಕೆ 10 ಲೀಟರ್ ಕೊಡುವ ಬಾವಿಯಿಂದ ಹಗಲಿರುಳೂ ನೀರೆತ್ತಿದರೆ ದೊರೆಯುವುದು 14,400 ಲೀಟರ್. ಮಟ್ಟ ಇಳಿದು ಬಾವಿಯು ನಿಮಿಷಕ್ಕೆ 7 ಲೀಟರ್ ಮಾತ್ರ ಕೊಡುವಂತಾದರೆ, ಆ ನೀರು 144 ಹಸುಗಳಿಗಷ್ಟೇ ಸಾಕು. ಕೆರೆಕಟ್ಟೆಗಳು ಬತ್ತುವ ಬರಗಾಲದಲ್ಲಿಯೇ ಬಾವಿಯ ಮೇಲೆ ಹೊರೆ ಹೆಚ್ಚುವುದು. ಅಲ್ಲದೆ ದನಗಳು ನೀರನ್ನು ಬಿಟ್ಟು ಬಹುದೂರ ಹೋಗಿ ಮೇಯಲಾರವು. ಬಾವಿ ಬತ್ತಿದರೆ ಅದರ ಸುತ್ತಲಿನ ಹುಲ್ಲು ಇದ್ದೂ ಇಲ್ಲದಂತೆ.

ಮಳೆಯ ಕೊರತೆಯು ಒಂದು ಒಳ್ಳೆಯ ವರ್ಷದಲ್ಲಿ ಕೊಂಚ ತೀರಬಹುದು. ಅಂತರ್ಜಲದ ಕೊರತೆ ಹಾಗಲ್ಲ. ಟೆಕ್ಸಾಸಿನ ಉತ್ತರ ಭಾಗದ ಅಡಿಯಲ್ಲಿ ಓಗಲಾಲ ಎಂಬ ಜಲಸ್ತರವಿದೆ. ಎಂಟು ರಾಜ್ಯಗಳಲ್ಲಿ ಸುಮಾರು ನಾಲ್ಕೂವರೆ ಲಕ್ಷ ಚದರ ಕಿಲೋಮೀಟರ್ ಹರಡಿರುವ ಈ ಜಲನಿಧಿಯಿಂದ ನೀರಾವರಿಗಾಗಿ ಹಲವು ದಶಕಗಳ ಕಾಲ ನೀರೆತ್ತಿದ್ದರಿಂದ, ಟೆಕ್ಸಾಸಿನ ಕೆಲವೆಡೆ ಮಟ್ಟವು 30 ಮೀಟರಿಗಿಂತಲೂ ಹೆಚ್ಚು ಇಳಿದಿದೆ. ಅಲ್ಲಿ ಮಳೆನೀರು ಇಂಗಿ ಮರಳಿ ಸೇರುವುದು ಅತ್ಯಲ್ಪ. ಹೀಗಾಗಿ, ಈ ವರ್ಷ ಎಷ್ಟು ಹಸುಗಳನ್ನು ಉಳಿಸಿಕೊಳ್ಳಬೇಕೆಂಬುದನ್ನು ಮಳೆಮಾಪಕ ಹೇಳಿದರೆ, ಮಕ್ಕಳ ಕಾಲಕ್ಕೂ ಈ ಕಸುಬು ಉಳಿದೀತೇ ಎಂಬುದನ್ನು ಬಾವಿಯ ಅಳತೆ ಹೇಳುತ್ತದೆ.

ಅಂಕಿಗಳು ಮಳೆಯನ್ನು ತರಲಾರವು. ಬತ್ತಿದ ಬಾವಿಯನ್ನು ತುಂಬಿಸಲಾರವು. ಆದರೆ ಆಯ್ಕೆಗೆ ಇನ್ನೂ ಅವಕಾಶವಿರುವಾಗಲೇ ಅವು ಎಚ್ಚರಿಸುತ್ತವೆ. ನೂರು ಹಸುಗಳನ್ನು ಸಕಾಲದಲ್ಲಿ ಮಾರಿದವನು ಉಳಿದ ನೂರನ್ನೂ ತನ್ನ ನೆಲವನ್ನೂ ಕಾಪಾಡಿಕೊಳ್ಳುತ್ತಾನೆ. ಇನ್ನೂರನ್ನೂ ಉಳಿಸಿಕೊಳ್ಳಲು ಹೊರಟವನು ಎರಡನ್ನೂ ಕಳೆದುಕೊಳ್ಳುವ ಸಂಭವವಿದೆ.